ಗಾಡಿಗೂ ಬೋರ್ಡಿಗೂ ರಿಫ್ಲೆಕ್ಟಿವ್ ಟೇಪ್: ಕರಾವಳಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆ ಲಾರಿ, ಟೆಂಪೊ, ರಿಕ್ಷಾ ಇಟ್ಟುಕೊಂಡವರು ಮತ್ತು ದೈವಸ್ಥಾನಕ್ಕೋ ಅಂಗಡಿಗೋ ದಾರಿ ತೋರಿಸುವ ಬೋರ್ಡ್ ಮಾಡಿಸುವವರು ನಮ್ಮಲ್ಲಿ ಕೇಳುವ ಪ್ರಶ್ನೆಗಳು ಇವು. ಹೆಡ್‌ಲೈಟ್ ಬಿದ್ದಾಗ ಹೊಳೆಯುವ ರಿಫ್ಲೆಕ್ಟಿವ್ ಟೇಪ್ ಅಂಟಿಸುವುದು, ಬೋರ್ಡ್ ಮಾಡುವುದು ನಮ್ಮ ಕೆಲಸ. ಫಿಟ್‌ನೆಸ್ (ಗಾಡಿ ರಸ್ತೆಗೆ ಯೋಗ್ಯ ಎಂಬ ಸರ್ಕಾರಿ ಪ್ರಮಾಣಪತ್ರ) ಸಿಕ್ಕರೆ ಸಾಕು ಎಂದು ಟೇಪ್ ಹಾಕಿಸುವವರೇ ಜಾಸ್ತಿ. ಅದನ್ನು ನೋಡಿದರೆ ಬೇಸರ ಆಗುತ್ತದೆ. ಯಾಕೆ ಎಂದು ಮೊದಲ ಉತ್ತರದಲ್ಲೇ ಬರೆದಿದ್ದೇವೆ.

ನನ್ನ ಲಾರಿಗೆ ಟೈಲ್ ಲೈಟ್ ಸರಿಯಾಗಿ ಉರಿಯುತ್ತದೆ. ಮತ್ತೆ ಟೇಪ್ ಯಾಕೆ?

ಲಾರಿ ಓಡುವಾಗ ಲೈಟ್ ಸಾಕು. ಟೇಪ್ ಬೇಕಾಗುವುದು ಲಾರಿ ನಿಂತಾಗ. ಪಡುಬಿದ್ರಿಗೂ ಕಾಪುವಿಗೂ ನಡುವೆ ರಾತ್ರಿ ಎರಡು ಗಂಟೆಗೆ ಟೈರ್ ಹೋಯಿತು ಎಂದುಕೊಳ್ಳಿ. ಗಾಡಿ ಹೆದ್ದಾರಿಯ ಬದಿಯಲ್ಲಿ ಅರ್ಧ ಡಾಂಬರಿನ ಮೇಲೆ ನಿಂತಿದೆ. ಸ್ವಲ್ಪ ಹೊತ್ತಿಗೆ ಬ್ಯಾಟರಿ ಇಳಿಯುತ್ತದೆ, ಅಥವಾ ಡ್ರೈವರ್ ಲೈಟ್ ಆಫ್ ಮಾಡಿ ಮಲಗುತ್ತಾನೆ. ಆಮೇಲೆ ಆ ಲಾರಿ ಒಂದು ಕಪ್ಪು ಗೋಡೆ ಅಷ್ಟೆ.

ಹಿಂದಿನಿಂದ 80 ಕಿ.ಮೀ. ವೇಗದಲ್ಲಿ ಬರುವ ಕಾರು ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಮುಂದೆ ಹೋಗುತ್ತದೆ. ಎದುರಿಗೆ ಏನೋ ಇದೆ ಎಂದು ಗೊತ್ತಾಗಿ ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಎರಡು ಸೆಕೆಂಡ್ ಬೇಕು ಎಂದರೂ 44 ಮೀಟರ್ ಕಳೆದುಹೋಯಿತು. ಗಾಡಿ ಇನ್ನೂ ನಿಲ್ಲಲು ಶುರುವೇ ಮಾಡಿಲ್ಲ. ಒದ್ದೆ ರಸ್ತೆಯಲ್ಲಿ ನಿಲ್ಲಲು ಇನ್ನೂ 60 ಮೀಟರ್ ಆದರೂ ಬೇಕು. ಡಿಪ್ ಲೈಟಿನಲ್ಲಿ ಕಪ್ಪು ವಸ್ತು ಕಾಣುವುದೇ ಐವತ್ತು ಮೀಟರಿನ ಆಸುಪಾಸಿನಲ್ಲಿ. ಲೆಕ್ಕ ನೀವೇ ಮಾಡಿ. ಒಳ್ಳೆಯ ಟೇಪ್ ಶುದ್ಧವಾಗಿ ಇದ್ದರೆ ಇನ್ನೂರು ಮೀಟರ್ ದೂರದಿಂದಲೇ ಹೊಳೆಯುತ್ತದೆ. ಎಂದರೆ ಆ ಕಾರಿನವನಿಗೆ ಎಂಟೊಂಬತ್ತು ಸೆಕೆಂಡ್ ಸಿಗುತ್ತದೆ. ಟೇಪಿಗೆ ಬ್ಯಾಟರಿ ಬೇಡ, ವಯರ್ ಬೇಡ, ಡ್ರೈವರ್ ಎಚ್ಚರ ಇರಬೇಕೆಂದೂ ಇಲ್ಲ.

ಟೇಪ್ ಇದೆ ಎಂದು ವಾರ್ನಿಂಗ್ ತ್ರಿಕೋನ ಇಡದೆ ಬಿಡಬೇಡಿ. ಅದನ್ನು ಲಾರಿಯ ಬುಡದಲ್ಲಿ ಇಟ್ಟರೆ ಪ್ರಯೋಜನ ಇಲ್ಲ. ಹೆದ್ದಾರಿಯಲ್ಲಿ ಐವತ್ತು ಮೀಟರ್ ಆದರೂ ಹಿಂದೆ ಹೋಗಿ ಇಡಿ. ತಿರುವಿನ ಆಚೆ ಗಾಡಿ ನಿಂತಿದ್ದರೆ ತಿರುವಿಗಿಂತ ಮೊದಲೇ ಇಡಿ. ಕಲ್ಲು, ಮರದ ಗೆಲ್ಲು ಇಟ್ಟು, ಗಾಡಿ ಹೊರಡುವಾಗ ಅಲ್ಲೇ ಬಿಟ್ಟು ಹೋಗುವ ಅಭ್ಯಾಸ ಮಾತ್ರ ಖಂಡಿತ ಬೇಡ. ರಾತ್ರಿ ಬೈಕಿನವರು ಬೀಳುವುದು ಅದರ ಮೇಲೆಯೇ.

ಇದು ಹೊಳೆಯುವುದು ಹೇಗೆ? ಒಳಗೆ ಏನುಂಟು?

ಕನ್ನಡಿ ಬೆಳಕನ್ನು ಬೇರೆ ಕಡೆಗೆ ತಿರುಗಿಸುತ್ತದೆ. ಈ ಟೇಪ್ ಬೆಳಕನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತದೆ, ರಾತ್ರಿ ಬೆಕ್ಕಿನ ಕಣ್ಣು ಹೊಳೆದ ಹಾಗೆ. ಒಳಗೆ ಎರಡರಲ್ಲಿ ಒಂದು ವ್ಯವಸ್ಥೆ ಇರುತ್ತದೆ. ಒಂದೋ ಸಣ್ಣ ಸಣ್ಣ ಗಾಜಿನ ಮಣಿಗಳು. ಇಲ್ಲವೇ ಮೂರು ಮುಖಗಳು ಒಂದು ಮೂಲೆಯಲ್ಲಿ ಕೂಡುವ ಪುಟ್ಟ ಪ್ರಿಸ್ಮ್‌ಗಳು. ಪ್ರಿಸ್ಮ್ ಇರುವುದು ಹೆಚ್ಚು ಹೊಳೆಯುತ್ತದೆ.

ಬೆಳಕು ವಾಪಸ್ ಬರುವುದು ಹೆಡ್‌ಲೈಟಿನ ಕಡೆಗೆ. ಕಾರಿನವನ ಕಣ್ಣು ಹೆಡ್‌ಲೈಟಿಗೆ ಹತ್ತಿರ ಇರುತ್ತದೆ, ಹಾಗಾಗಿ ಅವನಿಗೆ ಚೆನ್ನಾಗಿ ಕಾಣುತ್ತದೆ. ಬಸ್ಸು, ಲಾರಿಯ ಡ್ರೈವರ್ ಹೆಡ್‌ಲೈಟಿಗಿಂತ ತುಂಬಾ ಎತ್ತರದಲ್ಲಿ ಕೂತಿರುತ್ತಾನೆ. ಅದೇ ಟೇಪ್, ಅದೇ ಬೋರ್ಡ್ ಅವನಿಗೆ ಮಂಕಾಗಿ ಕಾಣುತ್ತದೆ. ಹತ್ತಿರ ಬಂದಷ್ಟೂ ಈ ವ್ಯತ್ಯಾಸ ಹೆಚ್ಚು. ಕಾರಿನಲ್ಲಿ ಕೂತು ನೋಡಿ “ಚೆನ್ನಾಗಿ ಹೊಳೆಯುತ್ತದೆ” ಎಂದು ಒಪ್ಪಿಕೊಂಡರೆ ಸಾಲದು ಎನ್ನುವುದು ಇದಕ್ಕೇ. ಘಾಟಿಯಲ್ಲಿ ರಾತ್ರಿ ಓಡುವ ಗಾಡಿಗಳಲ್ಲಿ ಹೆಚ್ಚಿನವು ದೊಡ್ಡವೇ ಅಲ್ವಾ?

ರೇಡಿಯಂ ಸ್ಟಿಕ್ಕರ್ ಹಾಕಿಸಿದ್ದೇನೆ. ಅದೇ ಇದು ತಾನೆ?

ಆಗಿರಬಹುದು, ಆಗಿಲ್ಲದಿರಬಹುದು. ರೇಡಿಯಂ ಅಂಗಡಿಯಲ್ಲಿ ಮೂರು ಜಾತಿಯ ಹಾಳೆ ಸಿಗುತ್ತದೆ. ಒಂದು, ಬರೀ ಬಣ್ಣದ ವಿನೈಲ್. ಹೆಸರು, ದೇವರ ಚಿತ್ರ ಕತ್ತರಿಸಿ ಅಂಟಿಸುವುದು ಹೆಚ್ಚಾಗಿ ಇದರಲ್ಲಿ. ರಾತ್ರಿ ಇದರಿಂದ ಏನೂ ಉಪಯೋಗ ಇಲ್ಲ. ಎರಡು, ಕಣ್ಣಿಗೆ ಹೊಡೆಯುವ ಗಿಳಿಹಸಿರು, ಕಿತ್ತಳೆ ಬಣ್ಣದ ಫ್ಲೋರೆಸೆಂಟ್ ಹಾಳೆ. ಅದಕ್ಕೆ ಹಗಲು ಬೆಳಕು ಬೇಕು. ಮೋಡದ ದಿನ, ಸಂಜೆ ಹೊತ್ತು ಚೆನ್ನಾಗಿ ಕಾಣುತ್ತದೆ, ಕತ್ತಲಾದ ಮೇಲೆ ಇಲ್ಲ. ಮೂರನೆಯದು ನಿಜವಾದ ರಿಫ್ಲೆಕ್ಟಿವ್ ಹಾಳೆ. ಅದರಲ್ಲೂ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದು ಅಲಂಕಾರಕ್ಕೆ ಆದೀತು, ಲಾರಿಯ ಹಿಂಬದಿಗೆ ಸಾಲದು.

ಮುಂದೆ, ಹಿಂದೆ, ಬದಿಯಲ್ಲಿ ಯಾವ ಬಣ್ಣ?

ಮುಂದೆ ಬಿಳಿ, ಹಿಂದೆ ಕೆಂಪು, ಬದಿಯಲ್ಲಿ ಹಳದಿ. ಕೇಂದ್ರ ಮೋಟಾರು ವಾಹನ ನಿಯಮಗಳು 1989, ಅದರ 104ನೇ ನಿಯಮ ರಿಫ್ಲೆಕ್ಟರ್ ಮತ್ತು ಟೇಪಿನ ಬಗ್ಗೆ ಇದೆ. ಟೇಪಿನ ಗುಣಮಟ್ಟಕ್ಕೆ ಎಐಎಸ್ 090 ಎಂಬ ಮಾನದಂಡ.

ಚಂದ ಕಾಣುತ್ತದೆ ಎಂದು ಮುಂದೆ ಕೆಂಪು ಹಾಕಿಸಲು ಬರುವವರು ಇದ್ದಾರೆ. ನಾವು ಹಾಕಿ ಕೊಡುವುದಿಲ್ಲ. ರಾತ್ರಿ ಕೆಂಪು ಕಂಡರೆ ಗಾಡಿ ನಾವು ಹೋಗುವ ದಿಕ್ಕಿಗೇ ಹೋಗುತ್ತಿದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಬಿಳಿ ಕಂಡರೆ ಎದುರಿಂದ ಬರುತ್ತಿದೆ ಎಂದು. ಈ ಅಂದಾಜು ತಪ್ಪಿದರೆ ಓವರ್‌ಟೇಕ್ ಮಾಡುವವನ ಲೆಕ್ಕವೂ ತಪ್ಪುತ್ತದೆ.

ಎಷ್ಟು ಅಗಲದ ಪಟ್ಟಿ? ಎಲ್ಲೆಲ್ಲಿ ಅಂಟಿಸಬೇಕು?

ಲಾರಿ, ಬಸ್ಸಿಗೆ 50 ಮಿ.ಮೀ. ಅಗಲದ್ದು. ರಿಕ್ಷಾದಂಥ ಸಣ್ಣ ಗಾಡಿಗೆ 20 ಮಿ.ಮೀ. ಪಟ್ಟಿ ಬರುತ್ತದೆ. ನಿಮ್ಮ ಗಾಡಿಯ ವರ್ಗಕ್ಕೆ ಯಾವುದು, ಎಷ್ಟು ಉದ್ದ ಎಂಬುದನ್ನು ಫಿಟ್‌ನೆಸ್‌ಗೆ ಹೋಗುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಿ.

ಜಾಗದ ವಿಷಯದಲ್ಲಿ ನಮ್ಮ ಮಾತು ಇದು: ಗಾಡಿಯ ಆಕಾರ ಕಾಣಬೇಕು. ನಡುವಿನಲ್ಲಿ ಒಂದು ತುಂಡು ಕೆಂಪು ಹೊಳೆದರೆ ಅದು ಬೈಕೋ, ಲಾರಿಯೋ, ಸೈಕಲ್ಲೋ ಗೊತ್ತಾಗುವುದಿಲ್ಲ. ಹಿಂಬದಿಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಪಟ್ಟಿ ಬಂದರೆ ಅಗಲ ತಿಳಿಯುತ್ತದೆ. ಮೇಲಿನ ಎರಡು ಮೂಲೆಯಲ್ಲಿ ಮೂಲೆಯ ಆಕಾರಕ್ಕೆ ಅಂಟಿಸಿದರೆ ಎತ್ತರವೂ ತಿಳಿಯುತ್ತದೆ. ಬದಿಯಲ್ಲಿ ಉದ್ದಕ್ಕೂ ಇರಬೇಕು. ಬಿ.ಸಿ.ರೋಡಿನಲ್ಲೋ ಸುರತ್ಕಲ್ಲಿನಲ್ಲೋ ದೊಡ್ಡ ಟ್ರೇಲರ್ ಅಡ್ಡಕ್ಕೆ ತಿರುಗುವಾಗ ಅದರ ಹೆಡ್‌ಲೈಟ್ ಒಂದು ಕಡೆ, ಟೈಲ್ ಲೈಟ್ ಇನ್ನೊಂದು ಕಡೆ. ನಡುವಿನ ನಲವತ್ತು ಅಡಿ ಕತ್ತಲು. ಬೈಕ್ ನುಗ್ಗುವುದು ಆ ಕತ್ತಲಿಗೇ.

ಟಿಪ್ಪರಿನವರಿಗೆ ಒಂದು ಮಾತು. ಹಿಂದಿನ ಡೋರ್ ಮೇಲೆ ಮಾತ್ರ ಅಂಟಿಸಬೇಡಿ. ಹೊಯ್ಗೆ, ಜಲ್ಲಿ ಸುರಿಯುವಾಗ ಅದು ಉಜ್ಜಿ ಹೋಗುತ್ತದೆ. ಚೌಕಟ್ಟಿನ ಕಂಬಗಳ ಮೇಲೆ ಮತ್ತು ಬಂಪರಿನ ಮೇಲೆ ಹಾಕಿಸಿ.

ಅಸಲಿಯೋ ನಕಲಿಯೋ ಹೇಗೆ ಗೊತ್ತಾಗುತ್ತದೆ?

ಹಗಲು ನೋಡಿದರೆ ಗೊತ್ತಾಗುವುದಿಲ್ಲ. ನಕಲಿ ಕೂಡ ಜೇನುಗೂಡಿನ ಗೆರೆ, ಹೊಳಪು ಎಲ್ಲ ಹಾಕಿಕೊಂಡೇ ಬರುತ್ತದೆ. ಅಸಲಿಯಲ್ಲಿ ತಯಾರಕರ ಹೆಸರು ಮತ್ತು ಅನುಮೋದನೆಯ ಗುರುತು ಹಾಳೆಯ ಒಳಗೇ ಇರುತ್ತದೆ, ಉಗುರಿನಿಂದ ಕೆರೆದರೆ ಹೋಗುವುದಿಲ್ಲ. 3ಎಂ, ಏವರಿ ಡೆನಿಸನ್, ಒರಾಫೋಲ್ ಇವೆಲ್ಲ ಈ ಕೆಲಸದಲ್ಲಿ ಹೆಸರು ಇರುವ ಕಂಪನಿಗಳು. ಬಿಲ್ ಕೇಳಿ. ಎಐಎಸ್ 090 ಪ್ರಮಾಣಪತ್ರದ ಪ್ರತಿ ಕೇಳಿ. “ಬಿಲ್ ಯಾಕೆ, ಗ್ಯಾರಂಟಿ ನಾನೇ” ಎಂದರೆ ಬೇರೆ ಅಂಗಡಿಗೆ ಹೋಗಿ.

ಇನ್ನೊಂದು ಪರೀಕ್ಷೆ ನೀವೇ ಮಾಡಬಹುದು. ಕತ್ತಲಾದ ಮೇಲೆ ಹದಿನೈದು, ಇಪ್ಪತ್ತು ಹೆಜ್ಜೆ ದೂರ ನಿಲ್ಲಿ. ಮೊಬೈಲಿನ ಟಾರ್ಚನ್ನು ಕಣ್ಣಿನ ಪಕ್ಕದಲ್ಲೇ, ಕಿವಿಯ ಹತ್ತಿರ ಹಿಡಿದು ಟೇಪಿನ ಕಡೆ ಬೆಳಕು ಬಿಡಿ. ಟಾರ್ಚನ್ನು ಹೊಟ್ಟೆಯ ಹತ್ತಿರ ಹಿಡಿದರೆ ಪರೀಕ್ಷೆ ಸರಿಯಾಗುವುದಿಲ್ಲ, ಬೆಳಕು ವಾಪಸ್ ಬರುವುದು ಟಾರ್ಚಿಗೆ. ಒಳ್ಳೆಯದು ಉರಿಯುವ ಲೈಟಿನ ಹಾಗೆ ಕಾಣುತ್ತದೆ. ಈಗ ಸ್ವಲ್ಪ ಬದಿಗೆ ಸರಿದು ಓರೆಯಿಂದ ನೋಡಿ. ಕಳಪೆ ಟೇಪ್ ನೇರಕ್ಕೆ ಚೆನ್ನಾಗಿ ಹೊಳೆದು ಓರೆಗೆ ಸತ್ತುಹೋಗುತ್ತದೆ. ಪಕ್ಕದಲ್ಲಿ ಹೊಸ ಕಂಪನಿ ಬಸ್ಸೋ ಲಾರಿಯೋ ನಿಂತಿದ್ದರೆ ಅದರ ಟೇಪಿಗೆ ಹೋಲಿಸಿ ನೋಡಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ನಮಗೆ ಗೊತ್ತಿಲ್ಲ.

ನಮ್ಮ ಮಳೆಗೆ ಇದು ಹಿಡಿಯುತ್ತದಾ?

ಹಿಡಿಯುತ್ತದೆ, ಮಳೆಗೆ ಮೊದಲು ಅಂಟಿಸಿದರೆ. ಕರಾವಳಿಯಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಒಂದು ದಿನವೂ ತಗಡು ಪೂರ್ತಿ ಒಣಗಿರುವುದಿಲ್ಲ. ಕೈಗೆ ಒಣಗಿದಂತೆ ಕಂಡರೂ ಮೇಲೆ ತೇವದ ಪದರ ಇರುತ್ತದೆ. ಅಂಟು ತಗಡಿಗೆ ಹಿಡಿಯುವ ಬದಲು ಆ ನೀರಿಗೆ ಹಿಡಿದು ಕೂರುತ್ತದೆ. ಎರಡು ವಾರಕ್ಕೆ ಮೂಲೆ ಎದ್ದುಬರುತ್ತದೆ. ಆಗ ಟೇಪ್ ಸರಿ ಇಲ್ಲ ಎಂದು ಬೈಗುಳ.

ಏಪ್ರಿಲ್, ಮೇ ತಿಂಗಳಲ್ಲೇ ಮಾಡಿಸಿ. ಫಿಟ್‌ನೆಸ್ ಜುಲೈಯಲ್ಲಿ ಬಂದರೆ ಏನು ಮಾಡುವುದು ಎಂದು ಕೇಳುತ್ತಾರೆ. ಶೆಡ್ಡಿನ ಒಳಗೆ ಹಿಂದಿನ ದಿನ ಸಂಜೆಯೇ ಗಾಡಿ ನಿಲ್ಲಿಸಿ. ಬೆಳಿಗ್ಗೆ ಹೀಟ್ ಗನ್ನಿನಿಂದ ತಗಡು ಬೆಚ್ಚಗೆ ಮಾಡಿಕೊಂಡು ಅಂಟಿಸಬೇಕು. ಆಮೇಲೆ ಒಂದು ದಿನವಾದರೂ ಮಳೆಗೆ ಬಿಡಬಾರದು. ಈ ಅಂಟು ಪೂರ್ತಿ ಬಲ ಬರಲು ಒಂದರಿಂದ ಮೂರು ದಿನ ತೆಗೆದುಕೊಳ್ಳುತ್ತದೆ.

ಇನ್ನು ಮಳೆ ಸುರಿಯುವಾಗ ಹೊಳಪು ಏನಾಗುತ್ತದೆ? ಮೇಲ್ಮೈ ನಯವಾಗಿ, ಮುಚ್ಚಿದ ಟೇಪ್ ಆದರೆ ನೀರು ಹರಿದುಹೋಗುತ್ತದೆ, ಹೊಳಪು ಅಷ್ಟಾಗಿ ಕಡಿಮೆಯಾಗುವುದಿಲ್ಲ. ಬಟ್ಟೆಗೆ ಹಾಕುವ ಬೂದು ಬಣ್ಣದ ಪಟ್ಟಿಯಲ್ಲಿ ಮಣಿಗಳು ಹೊರಗೇ ತೆರೆದುಕೊಂಡಿರುತ್ತವೆ. ಅದು ಒದ್ದೆಯಾದಾಗ ಮಂಕಾಗುತ್ತದೆ. ರಸ್ತೆಯ ಬಿಳಿ ಗೆರೆ ಮಳೆಯ ರಾತ್ರಿ ಕಾಣದೆ ಹೋಗುವುದೂ ಹೀಗೆಯೇ. ಗೆರೆಯಲ್ಲಿರುವ ಮಣಿಗಳ ಮೇಲೆ ನೀರು ನಿಂತುಬಿಡುತ್ತದೆ. ಆಗ ನಮ್ಮನ್ನು ಕಾಪಾಡುವುದು ನೀರಿನ ಮೇಲೆ ತಲೆ ಎತ್ತಿ ನಿಂತ ಕ್ಯಾಟ್ ಐ, ಅಂದರೆ ರಸ್ತೆಯಲ್ಲಿ ಕೂರಿಸಿದ ಹೊಳೆಯುವ ಗುಬ್ಬಿ. ಇಂಗ್ಲೆಂಡಿನ ಪರ್ಸಿ ಶಾ ಅದಕ್ಕೆ ಪೇಟೆಂಟ್ ಪಡೆದದ್ದು 1934ರಲ್ಲಿ. ಇವತ್ತಿಗೂ ಅದಕ್ಕೆ ಸರಿಸಾಟಿ ಇಲ್ಲ.

ಮಲ್ಪೆ ಬಂದರಿನಿಂದ ಮೀನು ಸಾಗಿಸುವ ಗಾಡಿ. ಆರು ತಿಂಗಳಿಗೆ ಟೇಪಿನ ಅಂಚು ಕಪ್ಪಾಗುತ್ತದೆ. ಯಾಕೆ?

ಉಪ್ಪು. ಕೆಲವು ಪ್ರಿಸ್ಮ್ ಟೇಪ್‌ಗಳ ಹಿಂಬದಿಗೆ ಅಲ್ಯೂಮಿನಿಯಂನ ತೆಳು ಲೇಪ ಇರುತ್ತದೆ. ಹಗಲು ನೋಡಿದರೆ ಸ್ವಲ್ಪ ಬೂದು ಛಾಯೆ ಕಾಣುತ್ತದೆ. ಕತ್ತರಿಸಿದ ಅಂಚಿನಿಂದ ಉಪ್ಪುನೀರು ನುಗ್ಗಿದರೆ ಆ ಲೇಪ ಕೆಟ್ಟು ಕಪ್ಪಾಗಬಹುದು. ಲೇಪ ಇಲ್ಲದ, ಹಿಂದೆ ಗಾಳಿಯ ಸಣ್ಣ ಕೋಣೆಗಳಿರುವ ಜಾತಿಯೂ ಇದೆ. ಅದು ಹಗಲೂ ಬೆಳ್ಳಗೆ, ಗಾಢವಾಗಿ ಕಾಣುತ್ತದೆ. ಅದರಲ್ಲಿ ಲೋಹ ಕೆಡುವ ಮಾತಿಲ್ಲ. ಆದರೆ ಕತ್ತರಿಸಿದ ಕಡೆ ಕೋಣೆಗಳು ತೆರೆದುಕೊಳ್ಳುತ್ತವೆ, ನೀರು ತುಂಬಿದರೆ ಅಷ್ಟು ಭಾಗ ಸಾಯುತ್ತದೆ. ಯಾವುದೇ ಇರಲಿ, ಮೀನಿನ ಗಾಡಿಗೆ ಅಂಚಿಗೆ ಸೀಲರ್ ಹಚ್ಚಲೇಬೇಕು. ಮೂಲೆಗಳನ್ನು ಚೂಪಾಗಿ ಬಿಡದೆ ದುಂಡಗೆ ಕತ್ತರಿಸಬೇಕು. ಚೂಪು ಮೂಲೆ ಮೊದಲು ಏಳುತ್ತದೆ.

ಜಾಗವೂ ಮುಖ್ಯ. ಐಸ್ ಕರಗಿದ ನೀರು ಇಳಿಯುವ ಪೈಪಿನ ಕೆಳಗೆ ಟೇಪ್ ಹಾಕಬೇಡಿ. ಮೀನಿನ ನೀರಿನಲ್ಲಿ ಉಪ್ಪಿನ ಜೊತೆ ಎಣ್ಣೆಯೂ ಇರುತ್ತದೆ. ಎಣ್ಣೆಯ ಮೇಲೆ ಧೂಳು ಕೂರುತ್ತದೆ. ಒಂದೇ ಟ್ರಿಪ್ಪಿಗೆ ಪಟ್ಟಿ ಮಂಕು. ಅಂದ ಹಾಗೆ, ಆ ನೀರನ್ನು ಹೆದ್ದಾರಿ ಉದ್ದಕ್ಕೂ ಚೆಲ್ಲಿಕೊಂಡು ಹೋಗಬೇಡಿ. ಹಿಂದೆ ಬರುವ ಬೈಕಿನವನಿಗೆ ಅದು ಎಣ್ಣೆ ಸುರಿದ ರಸ್ತೆಯೇ.

ಪಣಂಬೂರು ಬಂದರು, ಬೈಕಂಪಾಡಿ ಕಡೆಯ ಲಾರಿಗಳಿಗೆ ಉಪ್ಪಿನ ಜೊತೆ ಕಲ್ಲಿದ್ದಲಿನ ಧೂಳೂ ಸೇರುತ್ತದೆ. ಅವರು ವಾರಕ್ಕೊಮ್ಮೆ ಒರೆಸಿದರೆ ಸಾಲದು.

ನಾನೇ ಅಂಟಿಸಬಹುದಾ?

ಧಾರಾಳವಾಗಿ. ಅರ್ಧ ದಿನ ಬಿಡುವು ಇರಬೇಕು ಅಷ್ಟೆ. ಅಂಟಿಸುವುದಕ್ಕಿಂತ ತೊಳೆಯುವುದಕ್ಕೇ ಹೆಚ್ಚು ಹೊತ್ತು ಬೇಕು.

ಮೊದಲು ಸೋಪಿನ ನೀರಿನಲ್ಲಿ ಕೆಮ್ಮಣ್ಣು, ಜಿಡ್ಡು ಎಲ್ಲ ಹೋಗುವಂತೆ ತೊಳೆಯಿರಿ. ಶುದ್ಧ ನೀರಿನಲ್ಲಿ ಮತ್ತೊಮ್ಮೆ ತೊಳೆದು ಪೂರ್ತಿ ಒಣಗಿಸಿ. ಆಮೇಲೆ ಮೆಡಿಕಲ್ಲಿನಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಒಂದು ಬಟ್ಟೆಯಿಂದ ಒರೆಸಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಒರೆಸಿ. ಡೀಸೆಲ್ ಹಾಕಿ ಒರೆಸುವುದು ನಮ್ಮಲ್ಲಿ ಹಳೆಯ ಅಭ್ಯಾಸ. ತಗಡು ಪಳಪಳ ಎನ್ನುತ್ತದೆ ನಿಜ, ಆದರೆ ಎಣ್ಣೆಯ ಪದರ ಉಳಿಯುತ್ತದೆ. ಟೇಪ್ ನಿಲ್ಲದಿರುವುದಕ್ಕೆ ನಾವು ಕಂಡ ಮೊದಲ ಕಾರಣ ಅದೇ.

ಪೆನ್ಸಿಲಿನಲ್ಲಿ ಗೆರೆ ಹಾಕಿಕೊಳ್ಳಿ. ಹಿಂದಿನ ಕಾಗದವನ್ನು ಒಂದೇ ಸಲ ಪೂರ್ತಿ ಎಳೆಯಬೇಡಿ. ಒಂದು ಗೇಣು ಬಿಡಿಸಿ, ಅಂಟಿಸಿ, ರಬ್ಬರ್ ಅಥವಾ ಪ್ಲಾಸ್ಟಿಕ್ ಪಟ್ಟಿಯಿಂದ ನಡುವಿನಿಂದ ಅಂಚಿಗೆ ಗಟ್ಟಿಯಾಗಿ ಒತ್ತಿ ಹೋಗಿ. ಟೇಪನ್ನು ಎಳೆದು ಹಿಗ್ಗಿಸಬಾರದು. ಹಿಗ್ಗಿದ್ದು ಬಿಸಿಲಿಗೆ ಮತ್ತೆ ಕುಗ್ಗುತ್ತದೆ, ತುದಿ ಬಿಡುತ್ತದೆ. ರಿವೆಟ್ ಇದ್ದಲ್ಲಿ ಅದರ ಮೇಲೆ ಎಳೆದು ಮುಚ್ಚದೆ ಸುತ್ತ ಕತ್ತರಿಸಿ ಬಿಡಿ. ಎರಡು ತಗಡು ಕೂಡುವ ಸಂದಿನಲ್ಲೂ ಕತ್ತರಿಸಬೇಕು. ಗಾಡಿ ಓಡುವಾಗ ಆ ಎರಡು ತಗಡು ಬೇರೆ ಬೇರೆಯಾಗಿ ಅಲುಗುತ್ತವೆ. ಟೇಪ್ ಮೇಲೆ ಟೇಪ್ ಹತ್ತಿಸಬೇಡಿ. ಎರಡು ತುಂಡಿನ ನಡುವೆ ಕೂದಲೆಳೆಯಷ್ಟು ಜಾಗ ಇರಲಿ.

ಎಲ್ಲ ಮುಗಿದ ಮೇಲೆ ಅಂಚುಗಳನ್ನು ಇನ್ನೊಮ್ಮೆ ಒತ್ತಿ. ಬಿಡುವುದು ಯಾವಾಗಲೂ ಅಂಚಿನಿಂದಲೇ.

ಹೊಸ ಪೇಂಟ್, ಮರದ ಬಾಡಿ, ಪ್ಲಾಸ್ಟಿಕ್, ಟಾರ್ಪಾಲ್: ಇವುಗಳಿಗೆ?

ಹೊಸ ಪೇಂಟ್ ಆದರೆ ಒಂದೆರಡು ವಾರ ಕಾಯಿರಿ. ಒಳಗಿನ ಥಿನ್ನರ್ ಆವಿ ಹೊರಗೆ ಬರುತ್ತಿರುವಾಗ ಮುಚ್ಚಿದರೆ ಗುಳ್ಳೆ ಏಳುತ್ತದೆ.

ಮರದ ಹಲಗೆಗೆ ನೇರ ಅಂಟಿಸಿದರೆ ನಿಲ್ಲುವುದಿಲ್ಲ. ಅಲ್ಯೂಮಿನಿಯಂ ಪಟ್ಟಿಗೆ ಟೇಪ್ ಅಂಟಿಸಿ, ಆ ಪಟ್ಟಿಯನ್ನು ಹಲಗೆಗೆ ಸ್ಕ್ರೂ ಹಾಕಿ. ತುಕ್ಕು ಹಿಡಿದ ತಗಡಿಗೂ ಇದೇ ಉಪಾಯ. ತುಕ್ಕಿನ ಮೇಲೆ ಅಂಟಿಸಿದರೆ ಟೇಪ್ ತುಕ್ಕಿನ ಚಕ್ಕೆಯ ಸಮೇತ ಕಳಚಿಕೊಳ್ಳುತ್ತದೆ.

ಮೀನಿನ ಕ್ರೇಟ್, ಕೆಲವು ಬಂಪರ್‌ಗಳ ಪ್ಲಾಸ್ಟಿಕ್ಕಿಗೆ ಯಾವ ಅಂಟೂ ಸುಲಭದಲ್ಲಿ ಹಿಡಿಯುವುದಿಲ್ಲ. ಪ್ರೈಮರ್ ಹಚ್ಚಬೇಕು. ಟಾರ್ಪಾಲಿಗೆ ಬೇರೆಯೇ ಮೆತ್ತಗಿನ ಟೇಪ್ ಬರುತ್ತದೆ. ಮಾಮೂಲಿ ಟೇಪ್ ಹಾಕಿದರೆ ಮಡಚಿದಲ್ಲೆಲ್ಲ ಒಡೆಯುತ್ತದೆ. ಮಳೆಗಾಲದಲ್ಲಿ ಟಾರ್ಪಾಲ್ ಇಳಿಬಿಟ್ಟು ಹಿಂದಿನ ಟೇಪನ್ನೇ ಮುಚ್ಚಿಕೊಂಡು ಹೋಗುವ ಲಾರಿಗಳು ನಂತೂರಿನಲ್ಲಿ ನಿಂತರೆ ಎಷ್ಟೋ ಕಾಣುತ್ತವೆ. ಟಾರ್ಪಾಲ್ ಕಟ್ಟಿದ ಮೇಲೆ ಒಮ್ಮೆ ಹಿಂದೆ ಹೋಗಿ ನೋಡಿ. ಹಗ್ಗ ಎರಡು ಗೇಣು ಮೇಲೆ ಕಟ್ಟಿದರೆ ಸಾಕು.

ತೊಳೆಯುವುದು ಹೇಗೆ?

ನೀರು, ಸ್ವಲ್ಪ ಸೋಪು, ಮೆತ್ತಗಿನ ಬಟ್ಟೆ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಪೈಪನ್ನು ಟೇಪಿನ ಅಂಚಿಗೆ ಹತ್ತಿರದಿಂದ ಹಿಡಿಯಲು ಬಿಡಬೇಡಿ. ಪೆಟ್ರೋಲ್, ಥಿನ್ನರ್, ಕಬ್ಬಿಣದ ನಾರು ಬೇಡ.

ಡ್ರೈವರ್‌ಗಳಿಗೆ ನಾವು ಕೈಮುಗಿದು ಹೇಳುವುದು ಒಂದೇ. ಟೈರಿಗೆ ಗಾಳಿ ನೋಡುವಾಗ, ಗಾಜು ಒರೆಸುವಾಗ ಹಿಂದಿನ ಪಟ್ಟಿಗೂ ಒಂದು ಒದ್ದೆ ಬಟ್ಟೆ ಆಡಿಸಿ. ಎಷ್ಟೇ ಬೆಲೆಯ ಟೇಪ್ ಆಗಲಿ, ಕೆಮ್ಮಣ್ಣು ಹಿಡಿದರೆ ಬರೀ ತಗಡು. ಹಿಂದಿನ ಚಕ್ರ ಎರಚುವ ಕೆಸರು ಮೊದಲು ಕೂರುವುದೇ ಅಲ್ಲಿ. ಮಡ್‌ಗಾರ್ಡ್ ರಬ್ಬರ್ ಹರಿದಿದ್ದರೆ ಅದನ್ನೂ ಹಾಕಿಸಿ.

ಘಾಟಿಯ ಮಂಜಿನಲ್ಲಿ ಟೇಪ್ ಕಾಣುತ್ತದಾ?

ಕಡಿಮೆ. ಆಗುಂಬೆ, ಶಿರಾಡಿ, ಚಾರ್ಮಾಡಿಯ ಮಂಜಿನಲ್ಲಿ ಹೆಡ್‌ಲೈಟಿನ ಬೆಳಕು ಹೋಗುವಾಗಲೂ ಚೆದರುತ್ತದೆ, ಟೇಪಿನಿಂದ ವಾಪಸ್ ಬರುವಾಗಲೂ ಚೆದರುತ್ತದೆ. ಮಂಜಿನಲ್ಲಿ ಟೇಪನ್ನು ನಂಬಿ ಬದಿಯಲ್ಲಿ ನಿಲ್ಲಿಸಬೇಡಿ. ನಿಲ್ಲಿಸಲೇಬೇಕಾದರೆ ಹಜಾರ್ಡ್ ಲೈಟ್ ಉರಿಯುತ್ತಿರಲಿ. ನೀವು ಓಡಿಸುವಾಗ ಹೈ ಬೀಮ್ ಬೇಡ, ಅದು ಮಂಜನ್ನೇ ಬೆಳಗಿಸಿ ಎದುರಿಗೆ ಬಿಳಿ ಪರದೆ ಎಳೆಯುತ್ತದೆ.

ಬೈಕ್, ಹೆಲ್ಮೆಟ್, ನಂಬರ್ ಪ್ಲೇಟಿಗೆ ಹಾಕಬಹುದಾ?

ಬೈಕಿನ ಹಿಂದಿನ ಮಡ್‌ಗಾರ್ಡಿಗೆ ಕೆಂಪು, ರಿಮ್ಮಿಗೆ ಬಿಳಿ ಹಾಕಿ. ರಿಮ್ಮಿನದ್ದು ಅಡ್ಡರಸ್ತೆಯಲ್ಲಿ ಬಹಳ ಉಪಯೋಗ. ಹೆಲ್ಮೆಟ್ಟಿನ ಹಿಂದೆ ಹಾಕಬಹುದು, ಆದರೆ ಅಂಟಿಸುವ ಮೊದಲು ಥಿನ್ನರ್ ಒರೆಸಬೇಡಿ. ಕೆಲವು ಹೆಲ್ಮೆಟ್ಟಿನ ಪ್ಲಾಸ್ಟಿಕ್ ಅದರಿಂದ ಬಲ ಕಳೆದುಕೊಳ್ಳುತ್ತದೆ.

ನಂಬರ್ ಪ್ಲೇಟಿಗೆ ಏನೂ ಹಾಕಬೇಡಿ. 2019ರ ಏಪ್ರಿಲ್ 1ರಿಂದ ಬಂದ ಹೊಸ ಗಾಡಿಗಳಿಗೆಲ್ಲ ಹೈ ಸೆಕ್ಯುರಿಟಿ ಪ್ಲೇಟ್ ಕಡ್ಡಾಯ. ಆ ಪ್ಲೇಟೇ ರಿಫ್ಲೆಕ್ಟಿವ್ ಹಾಳೆಯಿಂದ ಮಾಡಿದ್ದು.

ರಾತ್ರಿ ನಡೆದು ಹೋಗುವವರಿಗೆ ಏನು ಮಾಡಬಹುದು?

ಈ ಪ್ರಶ್ನೆ ಕೇಳುವವರು ಕಡಿಮೆ. ಹೆಚ್ಚು ಜನ ಕೇಳಬೇಕು ಎಂದು ನಮಗೆ ಆಸೆ. ಬೆಳಗಾಗುವವರೆಗೆ ಯಕ್ಷಗಾನ ನೋಡಿ ಬರುವವರು, ಕಂಬಳದಿಂದ ಕೋಣಗಳ ಜೊತೆ ವಾಪಸ್ ಹೊರಡುವವರು, ಶಿವರಾತ್ರಿಗೆ ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗುವವರು, ಮುಂಜಾನೆ ನಾಲ್ಕಕ್ಕೆ ಬಂದರಿಗೆ ಹೊರಡುವ ಹೆಂಗಸರು. ಇವರ ಮೈಮೇಲೆ ಲೈಟೂ ಇಲ್ಲ, ಟೇಪೂ ಇಲ್ಲ. ಬಿಳಿ ಬಟ್ಟೆ ಸ್ವಲ್ಪ ಸಹಾಯ, ಆದರೆ ವೇಗವಾಗಿ ಬರುವ ಗಾಡಿಗೆ ಅದು ಸಾಲದು.

ಪಟ್ಟಿಯನ್ನು ಕಾಲಿಗೆ ಕಟ್ಟಿ. ಪಾದದ ಗಂಟಿಗೆ, ಮೊಣಕಾಲಿಗೆ, ಸಾಧ್ಯವಾದರೆ ಕೈಮಣಿಕಟ್ಟಿಗೂ. ಎದೆಯ ಮೇಲೆ ಒಂದೇ ಪಟ್ಟಿ ಹೊಳೆದರೆ ಡ್ರೈವರ್ ಅದನ್ನು ಕಂಬ ಎಂದೋ ಗೇಟು ಎಂದೋ ಅಂದುಕೊಳ್ಳಬಹುದು. ಮೇಲೆ ಕೆಳಗೆ ಅಲುಗುವ ಎರಡು ಬೆಳಕು ಕಂಡರೆ “ಮನುಷ್ಯ ನಡೆಯುತ್ತಿದ್ದಾನೆ” ಎಂದು ನಮ್ಮ ಮೆದುಳಿಗೆ ಕ್ಷಣದಲ್ಲಿ ಗೊತ್ತಾಗುತ್ತದೆ. ಇದು ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಗುಂಪಿನಲ್ಲಿ ಹೋಗುವಾಗ ಕೊನೆಯವರು ಖಂಡಿತ ಕಟ್ಟಿಕೊಳ್ಳಬೇಕು. ಜಾಕೆಟ್ ಕೊಳ್ಳುವುದಾದರೆ ಐಎಸ್ 15809 ಎಂಬ ಮಾನದಂಡದ ಗುರುತು ನೋಡಿ.

ಕಂಬಳದ ಕೋಣ, ಮನೆಯ ದನಕ್ಕೂ ಕೊರಳಿಗೆ ರಿಫ್ಲೆಕ್ಟಿವ್ ಪಟ್ಟಿ ಕಟ್ಟಬಹುದು. ಉರುಳಾಗದಂತೆ, ಜೋರಾಗಿ ಎಳೆದರೆ ಬಿಚ್ಚಿಕೊಳ್ಳುವಂತೆ ಕಟ್ಟಿ.

ದಾರಿ ತೋರಿಸುವ ಬೋರ್ಡಿಗೆ ಯಾವ ಹಾಳೆ?

ಹಾಳೆಗಳನ್ನು ಅಳೆಯಲು ಎಎಸ್‌ಟಿಎಂ ಡಿ 4956 ಎಂಬ ಮಾನದಂಡ ಇದೆ. ಅದರಲ್ಲಿ ಬಿಳಿ ಹಾಳೆಯ ಕನಿಷ್ಠ ಹೊಳಪು ಹೀಗೆ. ಎಂಜಿನಿಯರ್ ಗ್ರೇಡ್ ಎನ್ನುವ ಮೊದಲನೇ ಟೈಪಿಗೆ 70. ಮಣಿಗಳ ಹೈ ಇಂಟೆನ್ಸಿಟಿ, ಅಂದರೆ ಮೂರನೇ ಟೈಪಿಗೆ 250. ಪ್ರಿಸ್ಮ್ ಇರುವ ನಾಲ್ಕನೇ ಟೈಪಿಗೆ 360. ಹನ್ನೊಂದನೇ ಟೈಪಿಗೆ 580. ಒಂದು ಲಕ್ಸ್ ಬೆಳಕು ಬಿದ್ದಾಗ ಒಂದು ಚದರ ಮೀಟರಿನಿಂದ ವಾಪಸ್ ಬರುವ ಕ್ಯಾಂಡೆಲಾ ಲೆಕ್ಕ ಇದು. ಸರ್ಕಾರಿ ರಸ್ತೆ ಫಲಕಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 67 ಅನ್ವಯ.

ಮನೆಯ ಗೇಟು, ತೋಟದ ದಾರಿ, ಒಳರಸ್ತೆಯ ಅಂಗಡಿಗೆ ಎಂಜಿನಿಯರ್ ಗ್ರೇಡ್ ಸಾಕು. ಸುಮ್ನೆ ದುಡ್ಡು ಸುರಿಯಬೇಡಿ. ಬೀದಿದೀಪ, ಹೋಟೆಲ್ ಲೈಟುಗಳ ಗದ್ದಲ ಇರುವ ಕಡೆ, ಅಥವಾ ಗಾಡಿ ವೇಗವಾಗಿ ಬರುವ ಕಡೆ ಮೂರು ಅಥವಾ ನಾಲ್ಕನೇ ಟೈಪ್ ಹಾಕಿಸಿ. ಕ್ವಾರಿಯ ಮುರಕಲ್ಲು ಹೊಂಡ, ತಡೆಗೋಡೆ ಇಲ್ಲದ ಕೆರೆ, ಕಿರುಸೇತುವೆಯ ತುದಿ: ಇಂಥಲ್ಲಿ ಹಣ ನೋಡಬೇಡಿ, ಪ್ರಿಸ್ಮ್ ಹಾಳೆಯೇ ಇರಲಿ.

ಕನ್ನಡ ಅಕ್ಷರ ರಾತ್ರಿ ಓದಲು ಆಗುವುದಿಲ್ಲ ಎಂದು ದೂರು ಬರುತ್ತದೆ. ಏನು ಮಾಡುವುದು?

ಅಕ್ಷರ ದಪ್ಪ ಮಾಡಿದಷ್ಟೂ ಕೆಡುತ್ತದೆ. ಹೊಳೆಯುವ ಅಕ್ಷರ ಕತ್ತಲಲ್ಲಿ ಉಬ್ಬಿದಂತೆ ಕಾಣುತ್ತದೆ. ಒಳಗಿನ ಖಾಲಿ ಜಾಗ ತುಂಬಿಹೋಗುತ್ತದೆ. ಕನ್ನಡದಲ್ಲಿ ಪ, ವ, ಷ ನಡುವೆ, ಹಾಗೆಯೇ ಮ, ಯ ನಡುವೆ ವ್ಯತ್ಯಾಸ ಇರುವುದು ಒಂದು ಸಣ್ಣ ಗೆರೆ, ಒಂದು ಸಣ್ಣ ಬಾಯಿಯಲ್ಲಿ. ಅದು ಮುಚ್ಚಿದರೆ ಹೆಸರೇ ಬೇರೆ. ಕಡು ನೀಲಿ ಅಥವಾ ಹಸಿರು ಹಿನ್ನೆಲೆಗೆ ಬಿಳಿ ಅಕ್ಷರ ಹಾಕುವಾಗ ಗೆರೆ ತೆಳುವಾಗಿ ಇರಲಿ, ಅಕ್ಷರಗಳ ನಡುವೆ ಜಾಗ ಜಾಸ್ತಿ ಇರಲಿ. ಬಿಳಿ ರಿಫ್ಲೆಕ್ಟಿವ್ ಹಾಳೆಯ ಮೇಲೆ ಕಪ್ಪು ಅಕ್ಷರ ಆದರೆ ಸ್ವಲ್ಪ ದಪ್ಪ ಇರಬಹುದು. ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಡಿ. ಮೂಡುಬಿದ್ರೆಯ ದ್ರ, ಬೆಳ್ತಂಗಡಿಯ ಳ್ತ ಅರ್ಧ ಕತ್ತರಿಸಿ ಹೋದ ಬೋರ್ಡ್ ಎಷ್ಟಿಲ್ಲ! ಅಲಂಕಾರದ ಫಾಂಟ್ ಮದುವೆ ಕಾಗದಕ್ಕೆ ಇರಲಿ.

ಒಂದು ಬೋರ್ಡಿನಲ್ಲಿ ಹೆಸರು, ಬಾಣ, ದೂರ. ಇದಿಷ್ಟೇ. ದಾನಿಗಳ ಹೆಸರು ಬೇಕೇ ಬೇಕು ಎಂದರೆ ಕೆಳಗೆ ಬೇರೆ ಚಿಕ್ಕ ಹಲಗೆಯಲ್ಲಿ.

ರಿಫ್ಲೆಕ್ಟಿವ್ ಹಾಳೆಯ ಮೇಲೆ ಪೇಂಟ್ ಮಾಡಿ ಬರೆಯಬಹುದಾ?

ಮಾಮೂಲಿ ಪೇಂಟ್ ಹಚ್ಚಿದ ಜಾಗ ರಾತ್ರಿ ಸತ್ತಂತೆ. ಕಪ್ಪು ಅಕ್ಷರಕ್ಕೆ ಅದು ಪರವಾಗಿಲ್ಲ. ಕೆಂಪು, ನೀಲಿ ಹೊಳೆಯಬೇಕಾದರೆ ಬೆಳಕು ದಾಟುವ ಪಾರದರ್ಶಕ ಇಂಕ್ ಅಥವಾ ಬಣ್ಣದ ಪಾರದರ್ಶಕ ಫಿಲ್ಮ್ ಬೇಕು.

ಬೋರ್ಡನ್ನು ಎಲ್ಲಿ, ಹೇಗೆ ನಿಲ್ಲಿಸಬೇಕು?

ರಸ್ತೆಯ ಜಾಗದಲ್ಲಿ ನಿಲ್ಲಿಸಲು ಅನುಮತಿ ಬೇಕು. ರಾಷ್ಟ್ರೀಯ ಹೆದ್ದಾರಿ ಆದರೆ ಹೆದ್ದಾರಿ ಪ್ರಾಧಿಕಾರ, ಉಳಿದ ಕಡೆ ಲೋಕೋಪಯೋಗಿ ಇಲಾಖೆ ಅಥವಾ ಪಂಚಾಯತ್, ನಗರಸಭೆ. ಸರ್ಕಾರಿ ಎಚ್ಚರಿಕೆ ಫಲಕದ ಹಾಗೆ ಕೆಂಪು ಅಂಚಿನ ತ್ರಿಕೋನ, ಎಂಟು ಮೂಲೆಯ ಕೆಂಪು ಹಲಗೆಯಲ್ಲಿ ಅಂಗಡಿಯ ಜಾಹೀರಾತು ಮಾಡಬೇಡಿ.

ಬೋರ್ಡ್ ರಸ್ತೆಗೆ ಪೂರ್ತಿ ನೇರವಾಗಿ ಇರದೆ, ಸುಮಾರು 5 ಡಿಗ್ರಿ ಹೊರಗೆ ತಿರುಗಿರಲಿ. ನೇರ ಇದ್ದರೆ ಮೇಲ್ಮೈಯ ಕನ್ನಡಿಯಂಥ ಹೊಳಪು ಕಣ್ಣಿಗೆ ಹೊಡೆದು ಅಕ್ಷರ ಕಾಣುವುದಿಲ್ಲ. ಮರದ ಕೆಳಗೆ ಬೇಡ. ನಮ್ಮ ಹವೆಯಲ್ಲಿ ಒಂದೇ ಮಳೆಗಾಲಕ್ಕೆ ಹಸಿರು ಪಾಚಿ ಕಟ್ಟುತ್ತದೆ. ಸೋಣ ತಿಂಗಳಲ್ಲಿ (ಆಗಸ್ಟ್–ಸೆಪ್ಟೆಂಬರ್) ಒಮ್ಮೆ ಸೋಪಿನ ನೀರಿನಲ್ಲಿ ತೊಳೆದು, ಎದುರಿನ ಬಳ್ಳಿ, ಗೆಲ್ಲು ಸವರಿಬಿಡಿ. ಜಾತ್ರೆಯ, ಟೂರ್ನಮೆಂಟಿನ ಪೋಸ್ಟರ್‌ಗಳನ್ನು ತಿರುವಿನ ಫಲಕದ ಮೇಲೆ ಅಂಟಿಸುವ ಯುವಕರೇ, ದಯವಿಟ್ಟು ಬೇರೆ ಗೋಡೆ ನೋಡಿ. ಪೋಸ್ಟರ್ ಕಿತ್ತರೂ ಅಂಟು ಹೋಗುವುದಿಲ್ಲ, ಹಾಳೆ ಹಾಳಾಯಿತೆಂದೇ ಲೆಕ್ಕ.

ಎಷ್ಟು ವರ್ಷ ಬಾಳುತ್ತದೆ?

ಬೋರ್ಡಿನ ಎಂಜಿನಿಯರ್ ಗ್ರೇಡಿಗೆ ತಯಾರಕರು ಸಾಮಾನ್ಯವಾಗಿ ಏಳು ವರ್ಷ, ಹೈ ಇಂಟೆನ್ಸಿಟಿಗೆ ಹತ್ತು ವರ್ಷ ಎನ್ನುತ್ತಾರೆ. ಪಡುವಣ ಬಿಸಿಲು, ಕಡಲ ಗಾಳಿ ನೇರ ಬಡಿಯುವ ಕಡೆ ಅಷ್ಟು ನಿರೀಕ್ಷೆ ಬೇಡ. ಕೆಂಪು ಬಣ್ಣ ಮೊದಲು ಮಾಸುತ್ತದೆ. ಗಾಡಿಯ ಟೇಪನ್ನು ವರ್ಷ ಲೆಕ್ಕ ಹಾಕಿ ಅಲ್ಲ, ಟಾರ್ಚ್ ಬಿಟ್ಟು ನೋಡಿ ಬದಲಿಸಿ.

ಹಳೆಯ ಟೇಪ್ ತೆಗೆಯುವುದು ಹೇಗೆ?

ಹೇರ್ ಡ್ರೈಯರ್ ಅಥವಾ ಹೀಟ್ ಗನ್ನಿನಿಂದ ಬೆಚ್ಚಗೆ ಮಾಡಿ. ಪ್ಲಾಸ್ಟಿಕ್ ಚಿಪ್ಪಿನಿಂದ ಒಂದು ಮೂಲೆ ಎತ್ತಿ ನಿಧಾನವಾಗಿ ಓರೆಯಲ್ಲಿ ಎಳೆಯಿರಿ. ಬ್ಲೇಡ್ ಹಾಕಿ ಕೆರೆದರೆ ಪೇಂಟ್ ಹೋಗಿ ಅಲ್ಲೇ ತುಕ್ಕು ಶುರುವಾಗುತ್ತದೆ. ಉಳಿದ ಅಂಟಿಗೆ ಸೀಮೆಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿ. ಆಮೇಲೆ ಆ ಎಣ್ಣೆ ಪೂರ್ತಿ ಹೋಗುವವರೆಗೆ ಸೋಪಿನಲ್ಲಿ ತೊಳೆದು, ಒಣಗಿಸಿ, ಆಲ್ಕೋಹಾಲಿನಲ್ಲಿ ಒರೆಸಿಯೇ ಹೊಸ ಟೇಪ್ ಅಂಟಿಸಬೇಕು. ಹಳೆಯ ಟೇಪಿನ ಮೇಲೆಯೇ ಹೊಸದನ್ನು ಅಂಟಿಸಲು ಯಾರಾದರೂ ಹೊರಟರೆ ಒಪ್ಪಬೇಡಿ. ಕೆಳಗಿನದು ಬಿಟ್ಟ ದಿನ ಮೇಲಿನದೂ ಹೋಗುತ್ತದೆ.